ಓದಿ ಹೇಳಲಾಯಿತು, ಸರಿಯಾಗಿದೆ

ಬ್ಯಾಡಗಿಯ ಫಕ್ಕೀರಸಾಬ ನದಾಫನನ್ನು ನಿಕಾಹಕ್ಕೆ ವಕೀಲನಾಗಿ ಕರೆಯುವವರು ಒಂದು ತಾಸು ಹೆಚ್ಚಿಗೆ ಹಿಡಿದುಕೊಂಡೇ ಕರೆಯುತ್ತಾರೆ. ನಿಕಾಹದ ವಕೀಲನೆಂದರೆ ಕರಿ ಕೋಟಿನವನಲ್ಲ. ಇಬ್ಬರು ಸಾಕ್ಷಿದಾರರನ್ನು ಜೊತೆಗೆ ಕರೆದುಕೊಂಡು ಮದುವಣಗಿತ್ತಿಯ ಕೋಣೆಗೆ ಹೋಗಿ, ಇಂಥವನ ಜೊತೆ ನಿನ್ನ ಮದುವೆ, ನಿನಗೆ ಒಪ್ಪಿಗೆಯೇ ಎಂದು ಕೇಳಿ, ಆಕೆಯ ಮಾತನ್ನು ತಂದು ಕಾಜಿಗೆ ಮುಟ್ಟಿಸುವವನು. ಬಹಳ ಕಡೆ ಇದು ಎರಡು ನಿಮಿಷದ ಕೆಲಸ. ಪರದೆಯ ಹಿಂದಿನಿಂದ ಯಾರೋ ಚಿಕ್ಕಮ್ಮ "ಹೂಂ ಅಂದಾಳ್ರಿ, ಹೋಗ್ರಿ" ಎನ್ನುತ್ತಾಳೆ, ಇವರು ಬಂದು ಸಹಿ ಹಾಕಿ ಊಟಕ್ಕೆ ಕೂಡುತ್ತಾರೆ.

ಫಕ್ಕೀರಸಾಬನ ಹತ್ತಿರ ಈ ಆಟ ನಡೆಯುವುದಿಲ್ಲ. ಹೆಣ್ಣಿನ ಬಾಯಿಂದಲೇ ಮಾತು ಬರಬೇಕು, ಅದು ತನ್ನ ಕಿವಿಗೇ ಬೀಳಬೇಕು. ಅಲ್ಲಿಯತನಕ ಜಪ್ಪಯ್ಯ ಅಂದರೂ ಏಳುವವನಲ್ಲ. ಒಮ್ಮೆ ಕುಪ್ಪೇಲೂರಿನಲ್ಲಿ ಹೀಗೇ ಒಂದೂವರೆ ತಾಸು ಕೂತ. ಹೊರಗೆ ಗಂಡಿನ ಕಡೆಯವರು ಮೈ ಪರಚಿಕೊಳ್ಳುತ್ತಿದ್ದರು. ಕಡೆಗೆ ಆ ಹುಡುಗಿ "ನನಗ ಬ್ಯಾಡ" ಎಂದಳು. ಮದುವೆ ಮುರಿಯಿತು, ಎರಡೂ ಕಡೆಯವರು ಇವನಿಗೆ ಬಾಯಿಗೆ ಬಂದಂತೆ ಬೈದರು. ಫಕ್ಕೀರಸಾಬ ಹಸಿದ ಹೊಟ್ಟೆಯಲ್ಲಿ ಬಸ್ಸು ಹತ್ತಿ ಊರಿಗೆ ಬಂದು, ಮರುದಿನ ಎಂದಿನಂತೆ ತನ್ನ ಅಂಗಡಿಯಲ್ಲಿ ಗಾದಿ ಹೊಲಿಯುತ್ತಾ ಕೂತ. ಅರವತ್ತಾರು ವರ್ಷದ ಈ ಮನುಷ್ಯನ ಸ್ವಭಾವ ಹೀಗೆ.

ಹೊಸರಿತ್ತಿಯಲ್ಲಿ ಸಿಮ್ರಾನಳ ನಿಕಾಹ ಆದದ್ದೂ ಇವನ ವಕೀಲಿಕೆಯಲ್ಲೇ. ಗಂಡ ತೀರಿಕೊಂಡಿದ್ದ ಹೆಣ್ಣುಮಗಳ ಎರಡನೆಯ ಮದುವೆ. ಹತ್ತು ಹನ್ನೆರಡು ಜನ, ಪೆಂಡಾಲಿಲ್ಲ, ಫೋಟೋದವನಿಲ್ಲ. ಅವಳ ಚಿಕ್ಕಮ್ಮನ ಮಗ ಶಾಕೀರ ಒಬ್ಬ ಸಾಕ್ಷಿ. ಬ್ಯಾಡಗಿಯಲ್ಲಿ ಸಾಮಾನು ಸಾಗಿಸುವ ಆಟೋ ಓಡಿಸುವ ಹುಡುಗ, ಫಕ್ಕೀರಸಾಬನ ಓಣಿಯವನೇ. ಅಂದು ಬೆಳಗಿನ ಬಾಡಿಗೆ ಮುಗಿಸಿ ಬಂದು ಆಟೋ ಗ್ಯಾರೇಜಿಗೆ ಬಿಟ್ಟು, ಮೊಬೈಲನ್ನು ಮನೆಯಲ್ಲಿ ಚಾರ್ಜಿಗೆ ಹಾಕಿ ಮರೆತು, ಫಕ್ಕೀರಸಾಬನ ಜೊತೆ ಬಸ್ಸಿನಲ್ಲಿ ಬಂದಿದ್ದ. ಇನ್ನೊಬ್ಬ ಸಾಕ್ಷಿ ಅವನ ಗೆಳೆಯ ದಿಲಾವರ. ಸಿಮ್ರಾನ ತೀರಿಹೋದವನನ್ನು ನೆನೆದು ಅಳುತ್ತಿದ್ದಳು. ಫಕ್ಕೀರಸಾಬ ಗೋಡೆಯ ಗಡಿಯಾರ ನೋಡುತ್ತಾ ಕಾದ. ಅವಳು "ಒಪ್ಪಿಗಿ ಐತಿ" ಎಂದಾಗ ಮೂರಕ್ಕೆ ಹತ್ತು ನಿಮಿಷ ಕಡಿಮೆ ಇತ್ತು. ಮೂರಕ್ಕೆ ಸರಿಯಾಗಿ ಶಾಕೀರ ನಿಕಾಹದ ಪುಸ್ತಕದಲ್ಲಿ ಸಹಿ ಹಾಕಿದ. ಆ ಪುಸ್ತಕದಲ್ಲಿ ತಾರೀಕು ಬರೆಯಲು ಜಾಗ ಇದೆ, ವೇಳೆ ಬರೆಯಲು ಇಲ್ಲ.

ಅದೇ ದಿನ, ಅದೇ ಮೂರು ಗಂಟೆಗೆ, ಅಲ್ಲಿಂದ ಎರಡು ತಾಸಿನ ದಾರಿಯ ರಾಣೇಬೆನ್ನೂರಿನಲ್ಲಿ ಕಾಶೀಬಾಯಿ ಎಂಬ ಮುದುಕಿಯ ಮನೆಗೆ ಹೆಲ್ಮೆಟ್ ಹಾಕಿದವನೊಬ್ಬ ನುಗ್ಗಿದ. ಕಬ್ಬಿಣದ ರಾಡಿನಿಂದ ಅವರ ಕೈ ಮುರಿದು, ಆ ಕೈಯಲ್ಲಿದ್ದ ಬಂಗಾರದ ಪಾಟಲಿ ಕಿತ್ತುಕೊಂಡು ಹೋದ. ಪಕ್ಕದ ಮನೆಯವರು ಪೊಲೀಸರಿಗೆ ಫೋನು ಹಚ್ಚಿದ್ದು ಮೂರೂ ಐದಕ್ಕೆ. ಆ ಓಣಿಯ ಕ್ಯಾಮೆರಾದಲ್ಲಿ ಬೆಳಿಗ್ಗೆ ಎಂಟಕ್ಕೆ ಬೀಜದ ಚೀಲ ಇಳಿಸಿ ಹೋದ ಶಾಕೀರನ ಆಟೋ ಇತ್ತು. ಪೊಲೀಸರಿಗೆ ಅಷ್ಟು ಸಾಕಾಯಿತು. ಮೂರನೆಯ ದಿನ ಎತ್ತಿ ಹಾಕಿಕೊಂಡು ಹೋದರು. ಪಾಟಲಿ ಸಿಗಲಿಲ್ಲ, ರಾಡು ಸಿಗಲಿಲ್ಲ. ಮೊಬೈಲು ಮನೆಯಲ್ಲಿ ಬಿಟ್ಟು ಹೋದದ್ದೇ ಕಳ್ಳತನದ ಉಪಾಯ ಎಂದು ಬರೆದುಕೊಂಡರು. ಜಾಮೀನು ಸಿಗದೆ ಹದಿನಾಲ್ಕು ತಿಂಗಳು ಒಳಗೆ ಕೊಳೆತ ಆ ಹುಡುಗ.

ಶಾಕೀರನಿಗೆ ವಕೀಲರನ್ನು ಇಡುವ ತ್ರಾಣ ಇರಲಿಲ್ಲ. ಸರ್ಕಾರದ ಉಚಿತ ಕಾನೂನು ನೆರವಿನಿಂದ ರಾಣೇಬೆನ್ನೂರಿನ ಮೃಣಾಲಿನಿ ಎಂಬ ವಕೀಲೆ ಸಿಕ್ಕಳು. ಮೂವತ್ತೈದರ ಆಸುಪಾಸು, ಚುರುಕು, ಕೇಸನ್ನು ಓದಿಕೊಂಡು ಬರುವವಳು. ಅವಳು ಮೊದಲ ದಿನವೇ ಹೇಳಿದ್ದಳು: "ನಿಕಾಹ ಮೂರಕ್ಕ ಆಗೇತಿ ಅಂತ ಹೊರಗಿನವರೊಬ್ಬರು ಹೇಳಬೇಕು. ಮನಿ ಮಂದಿ ಹೇಳಿದ್ರ ಕೋರ್ಟು ನಂಬೂದಿಲ್ಲ." ಕಾಜಿ ಆ ಚಳಿಗಾಲದಲ್ಲೇ ತೀರಿಕೊಂಡಿದ್ದ. ದಿಲಾವರ ಕೆಲಸ ಹುಡುಕಿಕೊಂಡು ಗೋವೆಯ ಕಡೆ ಹೋದವನು ಸಮನ್ಸಿಗೆ ಸಿಗಲಿಲ್ಲ. ಉಳಿದವನು ಫಕ್ಕೀರಸಾಬ ಒಬ್ಬನೇ. ಶಾಕೀರ ಹೊರಗೆ ಬರುವುದು ಈ ಮುದುಕನ ಒಂದು ಮಾತಿನ ಮೇಲೆ ನಿಂತಿತ್ತು. ಮೂರು ಗಂಟೆ ಎಂಬ ಮಾತು.

ಕೇಸು ನಡೆದದ್ದು ಹಾವೇರಿಯಲ್ಲಿ. ಅಲ್ಲಿ ಕೋರ್ಟುಗಳು ಒಂದೆರಡಲ್ಲ. ಇದು ಯಾವುದು, ಅಲ್ಲಿನ ಜಜ್ಜ ಸಾಹೇಬರು ಯಾರು ಎಂದು ಹೇಳುವುದು ಬೇಡ. ಹೇಳಿದರೆ ಅದೊಂದು ಬೇರೆ ಕೇಸಾದೀತು. ದಕ್ಷಿಣದ ಕಡೆಯಿಂದ ವರ್ಗವಾಗಿ ಬಂದವರು, ಲಂಚ ಮುಟ್ಟುವವರಲ್ಲ, ದಿನಾ ಹನ್ನೊಂದಕ್ಕೆ ಸರಿಯಾಗಿ ಬಂದು ಕೂಡುವವರು ಎಂದು ಊರೆಲ್ಲ ಹೊಗಳುತ್ತಿತ್ತು. ಕೂಡುತ್ತಿದ್ದರು, ಖರೇ. ಕೂತು ಏನು ಮಾಡುತ್ತಿದ್ದರು ಎಂಬುದನ್ನು ಕೇಳಬೇಕಾದರೆ ಶಾಕೀರನ ತಾಯಿ ಬಿಬಿಜಾನಳನ್ನು ಕೇಳಬೇಕು. ಒಂದು ತಾರೀಕು ಬಿಡದೆ ಹಿಂದಿನ ಬೆಂಚಿನ ಮೇಲೆ ಕೂತು ನೋಡಿದವಳು ಅವಳು.

ಕಾಶೀಬಾಯಿ ಸಾಕ್ಷಿ ಹೇಳಿದ ದಿನ ಸಂಜೆ ಬಿಬಿಜಾನ ಫಕ್ಕೀರಸಾಬನ ಅಂಗಡಿಗೆ ಬಂದು ಕೂತಳು. "ಭಾಯಿ, ಆ ಅಮ್ಮಾರು ಛಲೋ ಮಂದಿ. ಹೆಲ್ಮೆಟ್ ಇತ್ತು, ಮಾರಿ ಪೂರ್ತಿ ಕಂಡಿಲ್ಲ, ಎತ್ತರ ಇವನಷ್ಟ ಇತ್ತು ಅಂದ್ರು. ನಾ ಕೇಳೇನಿ. ಸಾಹೇಬ್ರು ತೆಳಗ ಮಾರಿ ಹಾಕ್ಕೊಂಡು ಮೊಬೈಲ್ ನೋಡಾಕತ್ತಿದ್ರು. ಆಮ್ಯಾಲ ಟೈಪ್ ಮಾಡೂ ಹುಡುಗಿಗೆ, ಆರೋಪಿಯನ್ನು ಗುರುತಿಸುತ್ತೇನೆ ಅಂತ ಬರೆಸಿದ್ರು."

"ವಕೀಲರು ಸುಮ್ಮನಿದ್ರೇನು?"

"ಎದ್ದು ನಿಂತ್ರು. ಕುಂದ್ರಮ್ಮಾ ಅಂದ್ರು ಸಾಹೇಬ್ರು. ಕುಂತ್ರು."

ಫಕ್ಕೀರಸಾಬನಿಗೆ ಇದು ಪೂರ್ತಿ ನಂಬಿಕೆಯಾಗಲಿಲ್ಲ. ತಾಯಿಯ ಹೊಟ್ಟೆಯ ಸಂಕಟ, ಸ್ವಲ್ಪ ಹೆಚ್ಚು ಹೇಳುತ್ತಾಳೆ ಎಂದುಕೊಂಡ. ಜಜ್ಜನಾದವನು ಕೇಳದೆ ಇರುತ್ತಾನೆಯೇ? ಕೇಳಲಿಕ್ಕೇ ಅಲ್ಲವೇ ಅವನಿಗೆ ಅಷ್ಟೆತ್ತರದ ಕುರ್ಚಿ ಹಾಕಿ ಕೂರಿಸಿರುವುದು?

ಅವನ ಸರದಿ ಬಂದದ್ದು ಫೆಬ್ರವರಿಯ ಒಂದು ಗುರುವಾರ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಬೆಳಗಿನ ಬಸ್ಸಿಗೆ ಹೋಗಿ, ಕೋರ್ಟಿನ ಹೊರಗೆ ಮಧ್ಯಾಹ್ನದವರೆಗೆ ಕೂತ. ಜವಾನ ಹೆಸರು ಕೂಗಿದ ಮೇಲೆ ಒಳಗೆ ಹೋಗಿ ಕಟಕಟೆಯಲ್ಲಿ ನಿಂತ. ಖುದಾನ ಹೆಸರಿನಲ್ಲಿ ಪ್ರಮಾಣ ಮಾಡಿದ. ಎದುರಿಗೆ ಆರೋಪಿಯ ಜಾಗದಲ್ಲಿ ಶಾಕೀರ ನಿಂತಿದ್ದ, ಅರ್ಧ ಇಳಿದು ಹೋಗಿದ್ದ. ಹಿಂದಿನ ಬೆಂಚಿನಲ್ಲಿ ಬಿಬಿಜಾನ.

"ಆ ದಿವಸ ನಿಕಾಹ ಎಷ್ಟಕ್ಕ ಆತ್ರಿ?" ಮೃಣಾಲಿನಿ ಕೇಳಿದಳು.

ಫಕ್ಕೀರಸಾಬ ಅವಳ ಕಡೆ ನೋಡಲಿಲ್ಲ, ಸಾಹೇಬರ ಕಡೆ ತಿರುಗಿದ. ಕೇಳಬೇಕಾದವರು ಅವರು. "ಹೆಣ್ಣಮಗಳು ಒಪ್ಪಿಗಿ ಕೊಟ್ಟಾಗ ಮೂರಕ್ಕ ಹತ್ತ ನಿಮಿಷ ಕಮ್ಮಿ ಇತ್ರಿ ಸಾಹೇಬ್ರ. ಮೂರಕ್ಕ ಶಾಕೀರ ಸಹಿ ಮಾಡಿದ. ನನ್ನ ಮಗ್ಗಲಕ್ಕ ಕುಂತಿದ್ದ."

ಸಾಹೇಬರು ನಕ್ಕರು. ಫಕ್ಕೀರಸಾಬನಿಗೆ ಒಂದು ಗಳಿಗೆ ಗೊಂದಲವಾಯಿತು, ತಾನು ನಗುವಂಥದ್ದು ಏನು ಹೇಳಿದೆ ಎಂದು. ಆಮೇಲೆ ಕಂಡಿತು. ಮೇಜಿನ ಅಂಚಿನ ಕೆಳಗೆ ಮೊಬೈಲಿತ್ತು, ಅದರ ಬೆಳಕು ಅವರ ಗದ್ದದ ಮೇಲೆ ಬಿದ್ದಿತ್ತು. ನಗು ಅದಕ್ಕೆ. ಎಡಗೈ ಹೆಬ್ಬೆರಳು ಮೇಲೆ ಕೆಳಗೆ ಓಡುತ್ತಿತ್ತು, ಬಲಗೈ ಗುಮಾಸ್ತ ಸರಿಸುತ್ತಿದ್ದ ಬೇರೆ ಯಾವುದೋ ಕೇಸಿನ ಹಾಳೆಗಳಿಗೆ ನೋಡದೆ ಸಹಿ ಹಾಕುತ್ತಿತ್ತು. ಟೈಪ್ ಮಾಡುವ ಹುಡುಗಿ ಬೆರಳನ್ನು ಕೀಲಿಗಳ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿದ್ದಳು. ಸಾಕ್ಷಿ ಹೇಳಿದ್ದನ್ನು ಅವಳು ಹೊಡೆಯುವಂತಿಲ್ಲ, ಸಾಹೇಬರು ಹೇಳಿದ್ದನ್ನಷ್ಟೇ ಹೊಡೆಯಬೇಕು.

ಫಕ್ಕೀರಸಾಬ ಮಾತು ನಿಲ್ಲಿಸಿದ.

"ಮುಂದ ಹೇಳ್ರಿ," ಎಂದಳು ಮೃಣಾಲಿನಿ.

"ಸಾಹೇಬ್ರು ಕೇಳವಲ್ರು."

"ಕೇಳಸ್ತೈತ್ರಿ ಅವರಿಗೆ. ನೀವು ಹೇಳ್ಕೋತ ಹೋಗ್ರಿ." ಅವಳ ದನಿ ಸಣ್ಣದಾಗಿತ್ತು.

ಅವನು ಬಾಯಿ ತೆರೆಯಲಿಲ್ಲ. ಕೇಳುವವನ ಕಿವಿ ಬೇರೆ ಕಡೆ ಇದ್ದಾಗ ಮಾತು ನಿಲ್ಲಿಸಿ ಕಾಯುವುದೇ ಮರ್ಯಾದೆ ಎಂದು ಆ ಹುಚ್ಚು ಮನುಷ್ಯ ಖರೇನೇ ತಿಳಿದಿದ್ದ. ಒಂದು ನಿಮಿಷ ಆಯಿತು. ಎರಡಾಯಿತು. ಸರ್ಕಾರಿ ವಕೀಲರು ಉಗುರು ನೋಡಿಕೊಂಡರು. ಇಡೀ ಹಾಲಿಗೆ ಗೊತ್ತಾಗಿತ್ತು ಸಾಕ್ಷಿ ಸುಮ್ಮನಾಗಿದ್ದಾನೆ ಎಂದು, ಕುರ್ಚಿಯಲ್ಲಿ ಕೂತವರಿಗೆ ಬಿಟ್ಟು. ಒಬ್ಬ ಹುಡುಗನ ಆಯುಷ್ಯದ ಕಡಿಮೆಯೆಂದರೂ ಏಳು ವರ್ಷ ತೂಗಾಡುತ್ತಿತ್ತು, ಅವರು ಹೆಬ್ಬೆರಳು ಆಡಿಸುತ್ತಿದ್ದರು. ಬಿಬಿಜಾನಳ ಮಾತನ್ನು ಅಂದು ನಂಬಲಿಲ್ಲವಲ್ಲ ಎಂದು ಫಕ್ಕೀರಸಾಬನಿಗೆ ತನ್ನ ಮೇಲೇ ಸಿಟ್ಟು ಬಂತು.

ಕಡೆಗೆ ಸಾಹೇಬರು ತಲೆ ಎತ್ತಿದರು. "ಏನಾಯ್ತು? ಮುಗೀತಾ?"

"ಇಲ್ರಿ. ನಿಮ್ಮದು ಮುಗೀಲಿ ಅಂತ ನಿಂತೇನ್ರಿ."

"ನಂದಾ? ಏನು?"

"ಮೊಬೈಲ್ ನೋಡಾಕತ್ತಿದ್ರಿ. ನೀವು ಕೇಳಲಿಲ್ಲ. ಈಗ ಮತ್ತ ಮೊದಲಿಂದ ಹೇಳ್ತೇನ್ರಿ."

ಸಾಹೇಬರ ಮುಖ ಕಿವಿಯವರೆಗೆ ಕೆಂಪಾಯಿತು. ತಪ್ಪು ಸಿಕ್ಕಿಬಿದ್ದವನಿಗೆ ನಾಚಿಕೆ ಬರಬೇಕು, ಇವರಿಗೆ ಬಂದದ್ದು ಸಿಟ್ಟು.

"ನನಗೆ ಪಾಠ ಹೇಳೋಕೆ ಬಂದಿದೀರಾ? ಎಲ್ಲಾ ಕೇಳಿಸ್ಕೊಂಡಿದೀನಿ ನಾನು. ತಗೊಳ್ಳಮ್ಮ," ಎಂದು ಟೈಪಿನ ಹುಡುಗಿಯ ಕಡೆ ತಿರುಗಿ ಒಂದೇ ಉಸಿರಿಗೆ ಬರೆಸಿದರು. "ಆರೋಪಿಯ ಪರಿಚಯವಿದೆ. ನಮ್ಮ ಓಣಿಯವನು. ಸದರಿ ದಿನ ಹೊಸರಿತ್ತಿಯಲ್ಲಿ ಒಂದು ನಿಕಾಹ ಇತ್ತು. ಆರೋಪಿಯೂ ಬಂದಿದ್ದ. ಅಷ್ಟೇ."

"ಸರ್, ಟೈಮು..." ಮೃಣಾಲಿನಿ ಎದ್ದಳು.

"ಬಂತಮ್ಮ, ಎಲ್ಲಾ ಬಂತು. ಇನ್ನೂ ಹದಿನೆಂಟು ಕೇಸ್ ಇದೆ ನಂಗೆ."

ಅವಳು ಇನ್ನೊಂದು ಮಾತು ಆಡಬಹುದಿತ್ತು. ಅವಳಪ್ಪನ ಗಂಟೇನೂ ಹೋಗುತ್ತಿರಲಿಲ್ಲ. ಕಡತ ನೋಡುವವಳಂತೆ ತಲೆ ಬಗ್ಗಿಸಿ ಕೂತಳು. ಸರ್ಕಾರಿ ವಕೀಲರು ಎದ್ದು, ಆರೋಪಿ ನಿಮಗೆ ಬೇಕಾದವನು, ಅದಕ್ಕೇ ಸುಳ್ಳು ಹೇಳುತ್ತಿದ್ದೀರಿ ಎಂದರು. ಇಲ್ಲ ಎಂದ ಫಕ್ಕೀರಸಾಬ. ಅಲ್ಲಿಗೆ ಪಾಟೀಸವಾಲು ಮುಗಿಯಿತು.

ಯಂತ್ರದಿಂದ ಬಿಸಿ ಬಿಸಿ ಎರಡು ಹಾಳೆ ಬಂದವು. ಗುಮಾಸ್ತ ಪೆನ್ನು ಕೊಟ್ಟು ಬೆರಳಿನಿಂದ ಜಾಗ ತೋರಿಸಿದ. ಫಕ್ಕೀರಸಾಬ ಪೆನ್ನು ಹಿಡಿಯಲಿಲ್ಲ, ಜೇಬಿನಿಂದ ಚಾಳೀಸು ತೆಗೆದು ಹಾಕಿಕೊಂಡ. ಏಳನೆಯ ಇಯತ್ತೆಯವರೆಗೆ ಕನ್ನಡ ಸಾಲಿ ಕಲಿತವನು, ಅಕ್ಷರ ಅಕ್ಷರ ಓದಿದ. ಮೂರು ಗಂಟೆ ಎಲ್ಲೂ ಇರಲಿಲ್ಲ. ಕೆಳಗೆ, ಸಹಿಯ ಜಾಗಕ್ಕಿಂತ ಮೇಲೆ, ಒಂದು ಸಾಲಿತ್ತು: ಓದಿ ಹೇಳಲಾಯಿತು, ಸರಿಯಾಗಿದೆ.

"ಯಾರು ಓದಿ ಹೇಳ್ಯಾರ?" ಎಂದ.

"ಅದು ಎಲ್ಲಾರದ್ರಾಗೂ ಇರ್ತೈತಿ ಅಜ್ಜಾ," ಗುಮಾಸ್ತ ಪಿಸುಗುಟ್ಟಿದ. "ಕಂಪ್ಯೂಟರಿನ್ಯಾಗ ತಾನ ಬರ್ತೈತಿ. ಲಗೂನ ಸಹಿ ಮಾಡು, ಮುಂದಿನ ಕೇಸ್ ಕೂಗ್ಯಾರ."

"ಮೂರು ಗಂಟೆ ಇದರಾಗ ಇಲ್ಲ. ನಾ ಮಾಡೂದಿಲ್ಲ."

ಸಾಹೇಬರಿಗೆ ಇದು ಮಾತ್ರ ಚೆನ್ನಾಗಿ ಕೇಳಿಸಿತು. "ಸೈನ್ ಮಾಡಲ್ವಾ? ಸರಿ. ಸಾಕ್ಷಿ ಸಹಿ ಮಾಡಲು ನಿರಾಕರಿಸಿದ, ನಡವಳಿಕೆ ಸರಿಯಿಲ್ಲ ಅಂತ ಬರ್ಕೊಳ್ಳಿ. ಇವರ ಸಾಕ್ಷ್ಯ ಪೂರ್ತಿ ತೆಗೆದು ಹಾಕ್ತೀನಿ. ಹೆಚ್ಚಿಗೆ ಮಾತಾಡಿದ್ರೆ ಇವರನ್ನೂ ಒಳಗೆ ಕಳಿಸ್ತೀನಿ."

ಒಳಗೆ ಹೋಗಲು ಫಕ್ಕೀರಸಾಬ ಹೆದರುವವನಲ್ಲ. ಕಳಿಸ್ರಿ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಮೃಣಾಲಿನಿ ಕಟಕಟೆಯ ಹತ್ತಿರ ಬಂದಳು. "ನೀವು ಮಾಡಲಿಲ್ಲಂದ್ರ ಇದ್ದಷ್ಟೂ ಹೋಗ್ತೈತಿ. ನಿಕಾಹಕ್ಕ ಬಂದಿದ್ದ ಅನ್ನೂದಾದ್ರೂ ಉಳೀಲಿ. ಟೈಮ್ ಸೇರಸಾಕ ನಾ ಅರ್ಜಿ ಹಾಕ್ತೇನಿ, ನನ್ನ ನಂಬ್ರಿ." ಅತ್ತ ಶಾಕೀರ ಕೈ ಮುಗಿದುಕೊಂಡು ನಿಂತಿದ್ದ. "ಮಾಡ್ರಿ ಚಾಚಾ. ಸಾಹೇಬ್ರನ್ನ ಸಿಟ್ಟಿಗೆಬ್ಬಿಸಬ್ಯಾಡ್ರಿ. ತೀರ್ಪು ಬರಿಯೂದು ಅವರ." ಹಿಂದಿನ ಬೆಂಚಿನಲ್ಲಿ ಬಿಬಿಜಾನ ಎದ್ದು ನಿಂತು ಸೆರಗು ಒಡ್ಡಿದ್ದಳು. ಸಾಹೇಬರಿಗಲ್ಲ, ಫಕ್ಕೀರಸಾಬನಿಗೆ.

ಅವನು ಸಹಿ ಮಾಡಿದ. ಮೊದಲ ಹಾಳೆಗೆ ಒಂದು, ಎರಡನೆಯ ಹಾಳೆಗೆ ಒಂದು, ಆ ಸುಳ್ಳು ಸಾಲಿನ ಕೆಳಗೆ ಒಂದು. ಬಸ್ಸಿನಲ್ಲಿ ಬ್ಯಾಡಗಿಗೆ ಬರುವತನಕ ಹಲ್ಲು ಕಚ್ಚಿಕೊಂಡೇ ಕೂತಿದ್ದ, ಇಳಿದಾಗ ದವಡೆ ನೋಯುತ್ತಿತ್ತು.

ಮೃಣಾಲಿನಿ ಅರ್ಜಿ ಹಾಕಿದಳು, ಸುಳ್ಳು ಹೇಳಲಿಲ್ಲ. ಈ ಸಾಕ್ಷಿಯನ್ನು ಮತ್ತೊಮ್ಮೆ ಕರೆಯಬೇಕು, ವೇಳೆಯ ಮಾತು ಬಿಟ್ಟುಹೋಗಿದೆ ಎಂದು. ವಿಚಾರಣೆಯನ್ನು ಎಳೆಯುವ ಉದ್ದೇಶ ಕಾಣುತ್ತದೆ, ಅರ್ಜಿ ವಜಾ. ಸಾಹೇಬರ ಆದೇಶ ಎರಡೇ ಸಾಲು. ಆ ಎರಡು ಸಾಲನ್ನು ಬರೆಸುವಾಗಲಾದರೂ ಸಾಹೇಬರು ಮೊಬೈಲು ಕೆಳಗಿಟ್ಟಿದ್ದರೋ ಇಲ್ಲವೋ ಆ ದೇವರೇ ಬಲ್ಲ.

ಒಂದು ತಿಂಗಳಿಗೆ ತೀರ್ಪು ಬಂತು. ಏಳು ವರ್ಷ. ಗಾಯಾಳು ಆರೋಪಿಯನ್ನು ಖಚಿತವಾಗಿ ಗುರುತಿಸಿದ್ದಾರೆ ಎಂದು ಅದರಲ್ಲಿ ಇತ್ತು. ಹದಿನಾಲ್ಕನೆಯ ಪುಟದಲ್ಲಿ ಫಕ್ಕೀರಸಾಬನ ಹೆಸರೂ ಇತ್ತು: ಈ ಸಾಕ್ಷಿಯು ನಿಕಾಹ ಎಷ್ಟು ಗಂಟೆಗೆ ನಡೆಯಿತೆಂಬ ಬಗ್ಗೆ ಚಕಾರವೆತ್ತಿಲ್ಲ. ತನ್ನ ಹೇಳಿಕೆಯನ್ನು ಓದಿಸಿ ಕೇಳಿ, ಸರಿಯಾಗಿದೆಯೆಂದು ಒಪ್ಪಿ ಸಹಿ ಮಾಡಿದ್ದಾನೆ. ಆದ್ದರಿಂದ ಘಟನೆಯ ವೇಳೆ ಆರೋಪಿ ಬೇರೆಡೆ ಇದ್ದನೆಂಬ ವಾದ ನಿಲ್ಲುವುದಿಲ್ಲ.

ಚಕಾರವೆತ್ತಿಲ್ಲ ಎಂಬ ಶಬ್ದ ಓದಿ ಫಕ್ಕೀರಸಾಬನಿಗೆ ರಕ್ತ ನೆತ್ತಿಗೇರಿತು. ಅಂಗಡಿಯ ಬಾಗಿಲು ಹಾಕಿ ನೇರ ರಾಣೇಬೆನ್ನೂರಿಗೆ ಹೋಗಿ ಮೃಣಾಲಿನಿಯ ಆಫೀಸಿನಲ್ಲಿ ಕೂತ.

"ಧಾರವಾಡದ ಹೈಕೋರ್ಟಿಗೆ ಹಾಕಾಕತ್ತೇನ್ರಿ," ಎಂದಳು ಅವಳು, ಅವನು ಕೇಳುವುದಕ್ಕೆ ಮೊದಲೇ.

"ಅಲ್ಲಿ ನನ್ನ ಕರದು ಕೇಳ್ತಾರೇನು?"

"ಇಲ್ರಿ. ಅವರು ಇಲ್ಲಿ ಕಾಗದ ಓದ್ತಾರ."

"ಕಾಗದದಾಗ ಮೂರು ಗಂಟೆ ಇಲ್ಲ."

"ಇಲ್ಲ."

"ನಾ ಹೇಳಿದ್ದು ನೀವು ಕೇಳೀರಿ. ಸಾಹೇಬ್ರು ಮೊಬೈಲ್ ನೋಡಿದ್ದೂ ನೋಡೀರಿ. ಅದನ್ನ ಬರದು ಸಹಿ ಮಾಡಿ ಹೈಕೋರ್ಟಿಗೆ ಕೊಡ್ರಿ ವಕೀಲರ. ನಾ ಒಬ್ಬವ ಹೇಳಿದ್ರ ಸೋತವನ ಕಡಿಯವ ಅಂತಾರ."

ಮೃಣಾಲಿನಿ ಮೇಜಿನ ಮೇಲಿನ ಕಡತಗಳ ರಾಶಿಯ ಮೇಲೆ ಕೈ ಇಟ್ಟಳು. "ಅವರ ಮುಂದ ನನ್ನವು ಇನ್ನೂ ಮೂವತ್ತು ಕೇಸ್ ಅದಾವ್ರಿ. ಎಲ್ಲಾರೂ ಶಾಕೀರನಂಥವರ. ನಾ ಬರದು ಕೊಟ್ಟೆ ಅಂದ್ರ ಆ ಮೂವತ್ತು ಮಂದಿದು ಏನಾಗ್ತೈತಿ ಹೇಳ್ರಿ."

"ಈಗ ಏನಾಗಾಕತ್ತೈತಿ?" ಎಂದ ಫಕ್ಕೀರಸಾಬ.

ಅವಳ ಕಣ್ಣಲ್ಲಿ ನೀರು ಬಂತು. ಅಳುವವರ ಮೇಲೆ ಸಿಟ್ಟು ಮಾಡುವುದು ಕಷ್ಟ, ಆದರೂ ಅವನು ಮಾಡಿದ. ನಿಮ್ಮ ಓದು ಸುಡ್ಲಿ ಎಂದು ಎದ್ದು ಬಂದ. ಬಸ್ ಸ್ಟ್ಯಾಂಡ್ ಮುಟ್ಟುವುದರೊಳಗೆ ಆ ಸಿಟ್ಟು ತಿರುಗಿ ಅವನಿಗೇ ಬಂತು. ಅವಳಾದರೂ ಬರೆಯದೆ ಉಳಿದಳು. ತಾನು ಸುಳ್ಳೆಂದು ಓದಿ ತಿಳಿದೂ ಸಹಿ ಮಾಡಿ ಕೊಟ್ಟಿದ್ದ.

ಮೇಡ್ಲೇರಿಯ ತವರಿಗೆ ಬಾಣಂತನಕ್ಕೆ ಹೋಗಿ ಅಲ್ಲೇ ಉಳಿದಿದ್ದ ಶಾಕೀರನ ಹೆಂಡತಿ ಅನೀಸ ತೀರ್ಪಾದ ಹದಿನೈದು ದಿನಕ್ಕೆ ಬ್ಯಾಡಗಿಗೆ ಬಂದಳು. ಗಂಡ ಒಳಗೆ ಹೋದ ಮೇಲೆ ಹುಟ್ಟಿದ ಕೂಸು ಆಗಲೇ ಗೋಡೆ ಹಿಡಿದು ನಿಲ್ಲುತ್ತಿತ್ತು. ಅನೀಸ ಒಂದು ದಿನವೂ ಕೋರ್ಟು ಕಂಡವಳಲ್ಲ. ಪಿಯುಸಿವರೆಗೆ ಓದಿದ್ದಳು, ಮೃಣಾಲಿನಿ ಕೊಟ್ಟಿದ್ದ ಕಾಗದಗಳನ್ನೆಲ್ಲ ಎರಡು ದಿನ ಕೂತು ಮೊದಲಿನಿಂದ ಕಡೆಯವರೆಗೆ ಓದಿದಳು. ಮೂರನೆಯ ದಿನ ಬೆಳಿಗ್ಗೆ ಕೂಸನ್ನು ಎತ್ತಿಕೊಂಡು, ಕಾಗದದ ಕಟ್ಟು ಹಿಡಿದುಕೊಂಡು ಗಾದಿ ಅಂಗಡಿಗೆ ಬಂದಳು. ಫಕ್ಕೀರಸಾಬ ಸೂಜಿ ಕೆಳಗಿಟ್ಟು ಚಾಪೆ ಹಾಸಿದ. ಅವಳು ಕೂಡಲಿಲ್ಲ.

"ಚಾಚಾ, ಒಂದು ಕೇಳ್ತೇನಿ. ಟೈಮ್ ಯಾಕ ಹೇಳಲಿಲ್ಲ ನೀವು?"

"ಹೇಳೇನಿ ಬೇಟಿ. ಮೂರು ಗಂಟೆ ಅಂತ ಹೇಳೇನಿ."

"ಇದರಾಗ ಇಲ್ಲ."

"ಅವರು ಬರೀಲಿಲ್ಲ. ಸಾಹೇಬ್ರು ಕೇಳಲೇ ಇಲ್ಲ."

"ಎಲ್ಲಾರೂ ಹಿಂಗ ಅಂತಾರ. ಅತ್ತೀನೂ ಅಂದ್ಲು." ಅವಳ ದನಿ ಏರಲಿಲ್ಲ. "ಬರೀಲಿಲ್ಲ ಅನ್ನೂದು ನಿಮಗ ಆಗ ಗೊತ್ತಾಗಲಿಲ್ಲೇನು? ಓದಾಕ ಬರ್ತೈತಲ್ಲ ನಿಮಗ."

"ಓದಿದೆ."

"ಓದಿ?"

ಅನೀಸ ಕಟ್ಟು ಬಿಚ್ಚಿ ಜೆರಾಕ್ಸ್ ಹಾಳೆಯೊಂದನ್ನು ಅವನ ಮುಂದೆ ಹಿಡಿದಳು. ಓದಿ ಹೇಳಲಾಯಿತು, ಸರಿಯಾಗಿದೆ ಎಂಬ ಸಾಲಿನ ಕೆಳಗೆ ಬೆರಳಿಟ್ಟಳು.

"ಇದು ನಿಮ್ಮ ಸಹಿ ಹೌದಿಲ್ಲೋ?"

ಹೇಳಬೇಕಾದದ್ದು ಬಹಳ ಇತ್ತು. ಮೇಜಿನ ಕೆಳಗಿನ ಮೊಬೈಲು, ವಕೀಲೆಯ ಪಿಸುಮಾತು, ಅವಳ ಅತ್ತೆ ಒಡ್ಡಿದ ಸೆರಗು, ಅವಳ ಗಂಡನೇ ಮಾಡ್ರಿ ಎಂದದ್ದು. ಎಲ್ಲವೂ ಖರೇ. ಹದಿನಾರು ತಿಂಗಳಲ್ಲಿ ಮೊದಲ ಸಲ ಒಬ್ಬರು ಎದುರಿಗೆ ನಿಂತು, ಕಣ್ಣು ಕೀಲಿಸಿ, ಅವನ ಮಾತಿಗಾಗಿ ಕಾಯುತ್ತಿದ್ದರು. ಅವಳು ಕೇಳಿದ್ದು ಅದೊಂದೇ ಮಾತನ್ನು.

"ಹೌದು," ಎಂದ ಫಕ್ಕೀರಸಾಬ. "ನಂದ."

ಅನೀಸ ಹಾಳೆಯನ್ನು ಮಡಿಚಿ ಕಟ್ಟಿನೊಳಗೆ ಸೇರಿಸಿದಳು. ಕೂಸನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡು, ಮತ್ತೇನೂ ಕೇಳದೆ ಅಂಗಡಿಯ ಮೆಟ್ಟಿಲು ಇಳಿದು ಹೋದಳು.